ನಗಿಸಿದರೆ ಸ್ಟಾರ್ ಕಡಿಮೆ, ಮೊದಲೇ ಗೊತ್ತಾದರೆ ಇನ್ನೂ ಕಡಿಮೆ

ಓದುಗರು ಪುಸ್ತಕಗಳಿಗೆ 1ರಿಂದ 5ರವರೆಗೆ ಸ್ಟಾರ್ ಕೊಡುವ ಗುಡ್‌ರೀಡ್ಸ್ ಅನ್ನುವ ಜಾಲತಾಣದಲ್ಲಿ ಹಾಸ್ಯ ಕಲಾವಿದರ ಆತ್ಮಕಥೆಗಳಿಗೆ ಬಿದ್ದಿರುವ ಅಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಟೀನಾ ಫೇ ಬರೆದ ‘ಬಾಸಿಪ್ಯಾಂಟ್ಸ್’ (2011) 4ರ ಹತ್ತಿರ ನಿಂತಿದೆ. ಏಮಿ ಪೋಲರ್ ಬರೆದ ‘ಯೆಸ್ ಪ್ಲೀಸ್’ (2014) ಅದಕ್ಕಿಂತ ಸ್ವಲ್ಪ ಕೆಳಗಿದೆ. ಎರಡೂ ಜೋರಾಗಿ ನಗಿಸುವ ಪುಸ್ತಕಗಳು. ಟ್ರೆವರ್ ನೋವಾ ಅವರ ‘ಬಾರ್ನ್ ಎ ಕ್ರೈಮ್’ (2016), ಜೆನೆಟ್ ಮೆಕರ್ಡಿ ಅವರ ‘ಐ ಆ್ಯಮ್ ಗ್ಲ್ಯಾಡ್ ಮೈ ಮಾಮ್ ಡೈಡ್’ (2022) ಮಾತ್ರ 4.4 ದಾಟಿವೆ. ಇವುಗಳಲ್ಲೂ ನಗು ಬೇಕಾದಷ್ಟಿದೆ, ಆದರೆ ಓದಿದವರು ನೆನಪಿಟ್ಟುಕೊಂಡು ಹೇಳುವುದು ನೋವಿನ ಭಾಗವನ್ನೇ. ಅರ್ಧ ಅಂಕ ತಾನೇ ಅನಿಸಬಹುದು. ಅಲ್ಲಿ ತುಂಬಾ ಜನ ಓದಿದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ 3.5ರಿಂದ 4.5ರ ನಡುವೆಯೇ ಇರುತ್ತವೆ. ಹಾಗಾಗಿ ಅರ್ಧ ಅಂಕ ಅಂದರೆ ದೊಡ್ಡ ಅಂತರವೇ.

ಇನ್ನು ಸಸ್ಪೆನ್ಸ್ ಕಾದಂಬರಿಗಳ ಕಡೆ ಬನ್ನಿ. ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ (2012), ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೇನ್’ (2015), ಅಲೆಕ್ಸ್ ಮೈಕಲಿಡಿಸ್ ಅವರ ‘ದಿ ಸೈಲೆಂಟ್ ಪೇಷಂಟ್’ (2019). ಲಕ್ಷಗಟ್ಟಲೆ ಜನ ಓದಿದ ಪುಸ್ತಕಗಳಿವು. ಇವುಗಳಿಗೆ ಕಡಿಮೆ ಸ್ಟಾರ್ ಕೊಟ್ಟವರು ಏನು ಬರೆದಿದ್ದಾರೆ ಅಂತ ಓದುತ್ತಾ ಹೋದರೆ ಒಂದೇ ದೂರು ಮತ್ತೆ ಮತ್ತೆ ಸಿಗುತ್ತದೆ: ಕೊನೆ ಏನು ಅಂತ ನನಗೆ ಮೊದಲೇ ಗೊತ್ತಾಗಿಬಿಟ್ಟಿತು. ಭಾಷೆ ಹೇಗಿದೆ, ಪಾತ್ರಗಳು ಹೇಗಿವೆ, ಮಧ್ಯದ ಇನ್ನೂರು ಮುನ್ನೂರು ಪುಟ ಹೇಗೆ ಕಳೆದವು ಅನ್ನುವುದು ಎರಡನೇ ಮಾತು, ಎಷ್ಟೋ ಸಲ ಅದೂ ಇರುವುದಿಲ್ಲ.

ಆತ್ಮಕಥೆ ಎಲ್ಲಿ, ಕೊಲೆಯ ಕಥೆ ಎಲ್ಲಿ ಅಂತ ನೀವು ಕೇಳಬಹುದು. ನನಗೆ ಇವೆರಡನ್ನೂ ಒಟ್ಟಿಗೇ ನೋಡಬೇಕು ಅನಿಸುತ್ತದೆ. ಯಾಕೆಂದರೆ ಈ ಎರಡು ಬಗೆಯ ಪುಸ್ತಕಗಳನ್ನು ಓದುಗರು ಕೊಳ್ಳುವುದೇ ಒಂದು ಭರವಸೆ ನಂಬಿಕೊಂಡು. ಒಂದರ ಮುಖಪುಟ ನಗಿಸುತ್ತೇನೆ ಅನ್ನುತ್ತದೆ, ಇನ್ನೊಂದರದ್ದು ಬೆಚ್ಚಿಬೀಳಿಸುತ್ತೇನೆ ಅನ್ನುತ್ತದೆ. ಪುಸ್ತಕ ಮುಗಿದ ಮೇಲೆ ಬೀಳುವ ಸ್ಟಾರ್ ಈ ಭರವಸೆಯ ಲೆಕ್ಕ. ಪುಸ್ತಕ ಹೇಗೆ ಬರೆದಿದ್ದಾರೆ ಅನ್ನುವುದಕ್ಕಿಂತ ಅದನ್ನು ಏನು ಹೇಳಿ ಮಾರಿದರು ಅನ್ನುವುದೇ ಆ ಅಂಕದಲ್ಲಿ ಜಾಸ್ತಿ ಕಾಣುತ್ತದೆ. ನನ್ನ ವಾದ ಇಷ್ಟೇ. ಆದರೆ ಇದರ ಪರಿಣಾಮ ದೊಡ್ಡದು, ಯಾಕೆಂದರೆ ಮುಂದೆ ಯಾವ ಪುಸ್ತಕ ಬರಬೇಕು ಅಂತ ಪ್ರಕಾಶಕರು ತೀರ್ಮಾನ ಮಾಡುವಾಗ ನೋಡುವ ಗುರುತುಗಳಲ್ಲಿ ಈ ಅಂಕಗಳೂ ಇವೆ.

ಜೋಕಿನ ಕೆಲಸ, ಸಸ್ಪೆನ್ಸಿನ ಕೆಲಸ ಹತ್ತಿರ ಹತ್ತಿರ ಒಂದೇ. ಎರಡರಲ್ಲೂ ಮೊದಲು ಒಂದು ಸನ್ನಿವೇಶ ಕಟ್ಟಬೇಕು, ಕೇಳುವವರ ಗಮನವನ್ನು ಬೇರೆ ಕಡೆ ಎಳೆಯಬೇಕು, ಸರಿಯಾದ ಗಳಿಗೆಗೆ ಮುಚ್ಚಿಟ್ಟಿದ್ದನ್ನು ತೆರೆಯಬೇಕು. ಒಂದು ಕ್ಷಣ ಮೊದಲಾದರೂ ಕೆಡುತ್ತದೆ, ತಡವಾದರೂ ಕೆಡುತ್ತದೆ. ಇದನ್ನು ನೋಡಬೇಕಾದರೆ ಬ್ರಿಟನ್ನಿನ ಬಾಬ್ ಮಾರ್ಟಿಮರ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು 1959ರಲ್ಲಿ ಮಿಡಲ್ಸ್‌ಬರೋದಲ್ಲಿ ಹುಟ್ಟಿದವರು. ಏಳು ವರ್ಷಕ್ಕೆ ತಂದೆಯನ್ನು ಕಳೆದುಕೊಂಡರು. ಲಂಡನ್ನಿನಲ್ಲಿ ವಕೀಲಿಕೆ ಮಾಡುತ್ತಿದ್ದವರು ಹಾಸ್ಯಕ್ಕೆ ಬಂದು ಹೆಸರಾದರು. 2015ರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. 2021ರಲ್ಲಿ ‘ಆ್ಯಂಡ್ ಅವೇ’ ಅಂತ ಆತ್ಮಕಥೆ ಬರೆದರು, ಮರುವರ್ಷವೇ ‘ದಿ ಸ್ಯಾಟ್ಸುಮಾ ಕಾಂಪ್ಲೆಕ್ಸ್’ ಅನ್ನುವ ಪತ್ತೇದಾರಿ ಕಾದಂಬರಿ. ಅದಕ್ಕೆ 2023ರಲ್ಲಿ ಹಾಸ್ಯ ಕಾದಂಬರಿಗಳಿಗೆ ಕೊಡುವ ವುಡ್‌ಹೌಸ್ ಹೆಸರಿನ ಬಹುಮಾನವೂ ಬಂತು.

ಟಿವಿಯಲ್ಲಿ ಅವರು ಹೆಸರು ಮಾಡಿದ ಒಂದು ಕಾರ್ಯಕ್ರಮದ ಆಟ ಹೀಗಿದೆ: ಒಬ್ಬರು ನಂಬಲಾಗದ ಒಂದು ಘಟನೆಯನ್ನು ಹೇಳುತ್ತಾರೆ, ಎದುರಿನ ತಂಡ ಅದು ನಿಜವೋ ಸುಳ್ಳೋ ಅಂತ ಊಹಿಸಬೇಕು. ತನ್ನ ಹಲ್ಲಿಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುತ್ತೇನೆ ಅಂತ ಮಾರ್ಟಿಮರ್ ಗಂಭೀರವಾಗಿ ವಿವರಿಸುವಾಗ ಜನ ನಗುತ್ತಲೇ ಕೊನೆಗೆ ಏನಾಗುತ್ತದೋ ಅಂತ ಕಾಯುತ್ತಾರೆ. ನಗುವೂ ಕುತೂಹಲವೂ ಅಲ್ಲಿ ಒಟ್ಟಿಗೇ ನಡೆಯುತ್ತಿರುತ್ತವೆ. ಹೀಗಾಗಿ ಅವರ ಕಾದಂಬರಿಯನ್ನು ಇಷ್ಟಪಟ್ಟವರು ಹೊಗಳುವುದು ಅವರ ದನಿಯನ್ನು. ಗ್ಯಾರಿ ಅನ್ನುವ ಸಾಧಾರಣ ಮನುಷ್ಯ ಅಳಿಲಿನ ಜೊತೆ ಮಾತಾಡುವ ಪುಟಗಳು ಅವರಿಗೆ ಇಷ್ಟ. ಬರೀ ಸಸ್ಪೆನ್ಸ್ ಅಂತ ಹುಡುಕಿಕೊಂಡು ಬಂದವರಿಗೆ ಅದೇ ಪುಟಗಳು ಅಡ್ಡಿ ಅನಿಸುತ್ತವೆ, ಕಥೆ ಮುಂದೆ ಹೋಗುತ್ತಿಲ್ಲ ಅನ್ನುತ್ತಾರೆ. ಪುಸ್ತಕ ಒಂದೇ, ಪುಟಗಳೂ ಅವೇ. ಯಾರು ಏನು ನಿರೀಕ್ಷಿಸಿ ಕೈಗೆತ್ತಿಕೊಂಡರು ಅನ್ನುವುದಷ್ಟೇ ಬೇರೆ.

ಆತ್ಮಕಥೆಗಳ ವಿಷಯ ಇನ್ನೂ ಸೂಕ್ಷ್ಮ. ಹಾಸ್ಯ ಕಲಾವಿದರ ಆತ್ಮಕಥೆ ಓದಲು ಬರುವವರಲ್ಲಿ ಕೆಲವರು ವೇದಿಕೆಯ ನಗುವಿಗೇ ಬರುತ್ತಾರೆ, ಕೆಲವರು ತೆರೆಯ ಹಿಂದಿನ ಸುದ್ದಿಗೆ, ಇನ್ನು ಕೆಲವರು ಆ ಕಲೆ ಹೇಗೆ ಬಂತು ಅಂತ ತಿಳಿಯಲು. ಅಮೆರಿಕದ ಹಾಸ್ಯನಟ ಸ್ಟೀವ್ ಮಾರ್ಟಿನ್ 2007ರಲ್ಲಿ ಬರೆದ ‘ಬಾರ್ನ್ ಸ್ಟ್ಯಾಂಡಿಂಗ್ ಅಪ್’ ಕೊನೆಯವರಿಗಾಗಿ ಬರೆದ ಪುಸ್ತಕ. ಹತ್ತನೇ ವಯಸ್ಸಿಗೆ ಡಿಸ್ನಿಲ್ಯಾಂಡಿನಲ್ಲಿ ಗೈಡ್ ಪುಸ್ತಕ ಮಾರಿದ್ದು, ಅಲ್ಲಿನ ಮ್ಯಾಜಿಕ್ ಅಂಗಡಿಯಲ್ಲಿ ಕೆಲಸ ಮಾಡಿದ್ದು, ತಂದೆಯ ಜೊತೆ ಮಾತೇ ಇಲ್ಲದ ಹಾಗೆ ಬೆಳೆದಿದ್ದು, ಎಲ್ಲ ಬರುತ್ತದೆ. ಸ್ಟ್ಯಾಂಡಪ್, ಅಂದರೆ ವೇದಿಕೆಯಲ್ಲಿ ಒಬ್ಬರೇ ನಿಂತು ನಗಿಸುವ ಕೆಲಸ, ಮಾಡಿದ್ದು ಒಟ್ಟು 18 ವರ್ಷ. ಅದರಲ್ಲಿ 10 ವರ್ಷ ಕಲಿಯುವುದಕ್ಕೆ, 4 ವರ್ಷ ತಿದ್ದುವುದಕ್ಕೆ ಹೋಯಿತು, ದೊಡ್ಡ ಯಶಸ್ಸು ಸಿಕ್ಕಿದ್ದು ಕೊನೆಯ 4 ವರ್ಷ ಅಂತ ಅವರೇ ಲೆಕ್ಕ ಕೊಡುತ್ತಾರೆ. 1981ರಲ್ಲಿ ಸ್ಟ್ಯಾಂಡಪ್ ಬಿಟ್ಟರು. ನಗಿಸುವ ಕೆಲಸ ಹೇಗೆ ಮಾಡುತ್ತಾರೆ ಅಂತ ತಿಳಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನಾನು ಓದಿಲ್ಲ. ಆದರೆ ಸಿನಿಮಾದ ಸ್ಟೀವ್ ಮಾರ್ಟಿನ್ ಸಿಗುತ್ತಾರೆ ಅಂತ ಬಂದವರು ನಗುವೇ ಇಲ್ಲ, ತುಂಬಾ ಗಂಭೀರ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಇದರ ಎದುರು ‘ಬಾಸಿಪ್ಯಾಂಟ್ಸ್’ ಥರದ ಪುಸ್ತಕಗಳಿಗೆ ಬರುವ ದೂರು ತಿರುಗಾಮುರುಗಾ. ಬರೀ ತಮಾಷೆ, ಒಳಗಿನ ಮನುಷ್ಯ ಕಾಣಲೇ ಇಲ್ಲ ಅನ್ನುತ್ತಾರೆ. ನಗಿಸದಿದ್ದರೆ ಒಣ, ನಗಿಸಿದರೆ ಹಗುರ! ಹಾಸ್ಯದವರು ತಮ್ಮ ಕಸುಬನ್ನು ಪುಸ್ತಕದಲ್ಲಿ ಚೆನ್ನಾಗಿ ಮಾಡಿದರೆ ಅದಕ್ಕೆ ಸಿಗಬೇಕಾದ ಬೆಲೆ ಸಿಗುತ್ತಿಲ್ಲ. ಒಂದು ಪುಟದಲ್ಲಿ ನಾಲ್ಕು ಸಲ ನಗಿಸುವುದು ಎಷ್ಟು ಕಷ್ಟ ಅಂತ ಬರೆಯಲು ಕೂತವರಿಗೆ ಗೊತ್ತು. ಆದರೆ ಓದುವವರಿಗೆ ಅದು ಸಲೀಸಾಗಿ ಕಾಣುತ್ತದೆ, ಸಲೀಸಾಗಿ ಕಾಣಿಸುವುದೇ ಅಲ್ಲಿನ ಕಲೆ.

ನೋವಿನ ಪುಸ್ತಕಗಳಿಗೆ ಯಾಕೆ ಅಷ್ಟು ಸ್ಟಾರ್? ಒಂದು ಕಾರಣ ಸರಳ. ಆ ಪುಸ್ತಕಗಳು ನಿಜವಾಗಿಯೂ ಚೆನ್ನಾಗಿವೆ. ಮೆಕರ್ಡಿ ಮಕ್ಕಳ ಕಾಮಿಡಿ ಧಾರಾವಾಹಿಯಲ್ಲಿ ನಟಿಸಿ ಹೆಸರಾದವರು. ತಾಯಿಯ ಒತ್ತಾಯಕ್ಕೆ ನಟನೆಗೆ ಬಂದಿದ್ದು, ಊಟ ಬಿಡುವುದನ್ನು ತಾಯಿಯೇ ಕಲಿಸಿದ್ದು, ಆಮೇಲೆ ಅದು ಕಾಯಿಲೆಯಾಗಿದ್ದು, ಇದನ್ನೆಲ್ಲ ಆಯಾ ವಯಸ್ಸಿನ ಹುಡುಗಿಯ ಕಣ್ಣಿನಿಂದಲೇ ಹೇಳುತ್ತಾರೆ. ಈಗಿನ ತಿಳಿವಳಿಕೆಯನ್ನು ಆಗಿನ ಹುಡುಗಿಯ ಬಾಯಿಗೆ ತುರುಕುವುದಿಲ್ಲ. ಇದು ಬರಹದ ಕೌಶಲ.

ಇನ್ನೊಂದು ಕಾರಣ ಓದುಗರ ಸಂಕೋಚ. ಒಬ್ಬರು ತಮ್ಮ ಬದುಕಿನ ಅತಿ ಕೆಟ್ಟ ದಿನಗಳನ್ನು ತೆರೆದಿಟ್ಟಾಗ ಅದಕ್ಕೆ ಎರಡು ಸ್ಟಾರ್ ಒತ್ತಲು ಬೆರಳು ಬರುವುದಿಲ್ಲ, ಅಲ್ವಾ? ಬೇರೆಯವರ ಬದುಕಿಗೆ ಅಂಕ ಕೊಡುವುದು ಸರಿಯಲ್ಲ ಅಂತ ಆತ್ಮಕಥೆಗಳಿಗೆ ಸ್ಟಾರನ್ನೇ ಕೊಡದೆ ಬರೀ ನಾಲ್ಕು ಮಾತು ಬರೆಯುವ ಓದುಗರೂ ಇದ್ದಾರೆ. ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಇದರಿಂದ ಒಂದು ತೊಂದರೆಯೂ ಇದೆ. ಇಷ್ಟವಾಗದವರು ಸುಮ್ಮನಿದ್ದರೆ ಸರಾಸರಿ ತಾನಾಗಿಯೇ ಮೇಲೇರುತ್ತದೆ. ಆ ಅಂಕದಲ್ಲಿ ಪುಸ್ತಕಕ್ಕೆ ಸಿಕ್ಕ ಮೆಚ್ಚುಗೆ ಎಷ್ಟು, ಮನುಷ್ಯರ ಮೇಲಿನ ಮರುಕ ಎಷ್ಟು ಅಂತ ಬಿಡಿಸಿ ನೋಡಲು ಆಗುವುದಿಲ್ಲ.

ಮ್ಯಾಥ್ಯೂ ಪೆರಿ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ನಡೆಯಿತು. ‘ಫ್ರೆಂಡ್ಸ್’ ಧಾರಾವಾಹಿಯ ಚಾಂಡ್ಲರ್ ಪಾತ್ರ ಮಾಡಿದ ಪೆರಿ ತಮ್ಮ ಚಟದ ಕಥೆಯನ್ನು ಬರೆದ ಪುಸ್ತಕ 2022ರ ನವೆಂಬರ್ 1ರಂದು ಬಂತು. ಆಗ ಅದರ ಬಗ್ಗೆ ಸಿಟ್ಟಿನ ಮಾತುಗಳೂ ಬಂದವು. ಮುಖ್ಯವಾಗಿ ನಟ ಕಿಯಾನು ರೀವ್ಸ್ ಬಗ್ಗೆ ಬರೆದ ಸಾಲುಗಳಿಗೆ ಪೆರಿ ಕ್ಷಮೆ ಕೇಳಬೇಕಾಯಿತು. 2023ರ ಅಕ್ಟೋಬರ್ 28ರಂದು ಪೆರಿ ತೀರಿಕೊಂಡರು. ಪುಸ್ತಕ ಮತ್ತೆ ಮಾರಾಟದ ಪಟ್ಟಿಯಲ್ಲಿ ಮೇಲೆ ಬಂತು. ಮೊದಲು ಸ್ವಂತದ ಬಗ್ಗೆಯೇ ಜಾಸ್ತಿ ಮಾತು ಅನಿಸಿದ್ದ ಪುಟಗಳು, ಸಾವಿನ ನಂತರ ಓದಿದವರಿಗೆ ಸಹಾಯಕ್ಕೆ ಕೂಗಿದ ಹಾಗೆ ಕೇಳಿಸಿದವು. ಓದುಗರನ್ನು ಇದಕ್ಕಾಗಿ ತಪ್ಪು ಅನ್ನಲಾಗದು. ಓದುವುದು ಅಂದರೆ ಹಾಗೇ. ಆದರೆ ಆ ಎರಡು ಬಗೆಯ ಓದನ್ನೂ ಒಂದೇ ಸರಾಸರಿ ಅಂಕಕ್ಕೆ ಕೂಡಿಸಿದಾಗ ಬರುವ ಉತ್ತರಕ್ಕೆ ಅರ್ಥ ಕಡಿಮೆ.

ಟ್ರೆವರ್ ನೋವಾ ಅವರ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು. 1984ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಕಪ್ಪು ತಾಯಿಗೂ ಬಿಳಿಯ ತಂದೆಗೂ ಹುಟ್ಟಿದ ಮಗು ಅವರು. 1927ರಿಂದಲೇ ದಕ್ಷಿಣ ಆಫ್ರಿಕಾದಲ್ಲಿ ಅಂಥ ಸಂಬಂಧ ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಪುಸ್ತಕದ ಕೊನೆಯಲ್ಲಿ ಮಲತಂದೆ ತಾಯಿಯ ಮೇಲೆ ಗುಂಡು ಹಾರಿಸಿದ ಘಟನೆ ಬರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಆ ತಾಯಿ ಅಳುತ್ತಿರುವ ಮಗನಿಗೆ ಒಂದು ಜೋಕ್ ಹೇಳುತ್ತಾರೆ. ಇಬ್ಬರೂ ನಗುತ್ತಾರೆ. ಓದುವವರೂ ಅಳುತ್ತಲೇ ನಗುತ್ತಾರೆ. ಅಷ್ಟು ದೂರ ಕರೆದುಕೊಂಡು ಬಂದು ಆ ಜಾಗದಲ್ಲಿ ನಗಿಸಲು ಹಾಸ್ಯದ ಕೈ ಪಳಗಿರಬೇಕು. ಇದರ ವಿಮರ್ಶೆಗಳಲ್ಲಿ ವರ್ಣಭೇದದ ಬಗ್ಗೆ, ತಾಯಿಯ ಧೈರ್ಯದ ಬಗ್ಗೆ ತುಂಬಾ ಮಾತು ಸಿಗುತ್ತದೆ. ನಗುವಿನ ಕೆಲಸದ ಬಗ್ಗೆ ಮಾತ್ರ ಒಂದೆರಡು ಸಾಲು. ಆಡಿಯೊ ಪುಸ್ತಕ ಕೇಳಿದವರು ಮಾತ್ರ ಅದನ್ನು ಬೇಗ ಗುರುತಿಸುತ್ತಾರೆ. ಯಾಕೆಂದರೆ ಅಲ್ಲಿ ನೋವಾ ಅವರೇ ಓದಿದ್ದಾರೆ, ಝುಲು, ಷೋಸಾ, ಆಫ್ರಿಕಾನ್ಸ್ ಮಾತುಗಳನ್ನು ಆಯಾ ದನಿಯಲ್ಲೇ ಆಡಿದ್ದಾರೆ. ಹಾಸ್ಯದವರ ಪುಸ್ತಕಕ್ಕೆ ಓದಿದವರ ಅಭಿಪ್ರಾಯ ಒಂದು, ಕೇಳಿದವರದ್ದು ಇನ್ನೊಂದು ಅಂತ ಬೇರೆ ಮಾಡಿ ನೋಡುವುದೇ ಒಳ್ಳೆಯದು.

ಈಗ ಸಸ್ಪೆನ್ಸ್. ಮೊದಲೇ ಊಹಿಸಿಬಿಟ್ಟೆ ಅನ್ನುವ ದೂರು ಹೊಸದಲ್ಲ, ಅದರ ಉಲ್ಟಾ ದೂರು ಇನ್ನೂ ಹಳೆಯದು. 1926ರಲ್ಲಿ ಅಗಾಥಾ ಕ್ರಿಸ್ಟಿ ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ ಬರೆದಾಗ ಕೆಲವು ಓದುಗರು ಇದು ಮೋಸ ಅಂದರು, ಯಾರೂ ಊಹಿಸಲಾಗದ ಹಾಗೆ ಬಚ್ಚಿಟ್ಟಿದ್ದಾರೆ ಅನ್ನುವುದು ಅವರ ಸಿಟ್ಟು. (ಏನು ಅಂತ ಇಲ್ಲಿ ಹೇಳುವುದಿಲ್ಲ, ನೂರು ವರ್ಷವಾದರೂ ಓದದವರು ಇದ್ದಾರೆ.) 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ, ಅವರೂ ಪತ್ತೇದಾರಿ ಲೇಖಕರೇ, ಹತ್ತು ನಿಯಮಗಳನ್ನು ಮಾಡಿದರು. ಅಪರಾಧಿ ಕಥೆಯ ಆರಂಭದಲ್ಲೇ ಬಂದಿರಬೇಕು, ಪತ್ತೇದಾರನೇ ಅಪರಾಧಿ ಆಗಬಾರದು, ಅವಳಿ ಜವಳಿಗಳನ್ನು ತರುವುದಾದರೆ ಮೊದಲೇ ಸುಳಿವು ಇರಬೇಕು, ಹೀಗೆ. ಅಂದಿನ ಓದುಗರಿಗೆ ಇದು ಬುದ್ಧಿಯ ಪಂದ್ಯ. ಸುಳಿವುಗಳು ಕಣ್ಣ ಮುಂದೆಯೇ ಇರಬೇಕು, ಊಹಿಸಲು ಸಾಧ್ಯ ಆಗಬೇಕು. ಊಹಿಸಿದರೆ ಖುಷಿ.

ಈಗಿನ ಓದುಗರು ಊಹಿಸಿದರೆ ಬೇಸರ ಪಡುತ್ತಾರೆ. ನಡುವೆ ಏನಾಯಿತು? ‘ಗಾನ್ ಗರ್ಲ್’ ಗೆದ್ದ ಮೇಲೆ ಪ್ರಕಾಶಕರಿಗೆ ಒಂದು ದಾರಿ ಸಿಕ್ಕಿತು. ಕಥೆ ಹೇಳುವವರನ್ನೇ ನಂಬಲಾಗದು, ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಏನೋ ಮುಚ್ಚಿಟ್ಟಿದ್ದಾರೆ, ಕೊನೆಗೆ ಒಂದು ತಿರುವು. ಈ ಥರದ ಹತ್ತಾರು ಪುಸ್ತಕ ಒಂದರ ಹಿಂದೆ ಒಂದು ಬಂದವು, ಮುಖಪುಟದಲ್ಲೇ ಕೊನೆಯ ಟ್ವಿಸ್ಟ್ ನೀವು ಊಹಿಸಲಾರಿರಿ ಅನ್ನುವ ಸವಾಲು. ಹಾಗೆ ಸವಾಲು ಹಾಕಿದರೆ ಓದುಗರು ಮೊದಲ ಪುಟದಿಂದಲೇ ಊಹಿಸಲು ಕೂರುತ್ತಾರೆ. ಇಪ್ಪತ್ತು ಪುಸ್ತಕ ಓದಿದವರಿಗೆ ಇಪ್ಪತ್ತೊಂದನೆಯದು ಗೊತ್ತಾಗುವುದು ಸಹಜ. ಆ ಲೇಖಕರು ಚೆನ್ನಾಗಿಯೇ ಬರೆದಿರಬಹುದು, ಹಿಂದಿನ ಇಪ್ಪತ್ತು ಪುಸ್ತಕಗಳ ಸಾಲ ಅವರ ತಲೆ ಮೇಲೆ ಬಿತ್ತು. ಫ್ರೀಡಾ ಮೆಕ್‌ಫ್ಯಾಡನ್ ಅವರ ‘ದಿ ಹೌಸ್‌ಮೇಡ್’ (2022) ಬಗ್ಗೆ ಇವತ್ತು ಎರಡು ಪಕ್ಷ ಆಗಿರುವುದೂ ಇದಕ್ಕೇ. ವೈದ್ಯೆಯೂ ಆಗಿರುವ ಅವರು ಸಣ್ಣ ಅಧ್ಯಾಯ, ಸರಳ ವಾಕ್ಯ, ಪ್ರತಿ ಅಧ್ಯಾಯದ ಕೊನೆಗೆ ಒಂದು ಕೊಕ್ಕೆ ಇಟ್ಟು ಬರೆಯುತ್ತಾರೆ. ವರ್ಷಗಟ್ಟಲೆ ಪುಸ್ತಕವನ್ನೇ ಮುಟ್ಟದಿದ್ದವರು ಇವರಿಂದ ಮತ್ತೆ ಓದಲು ಶುರು ಮಾಡಿದೆ ಅನ್ನುತ್ತಾರೆ. ಹಳೆಯ ಸಸ್ಪೆನ್ಸ್ ಓದುಗರು ಇದರಲ್ಲಿ ಹೊಸದೇನಿದೆ ಅನ್ನುತ್ತಾರೆ. ಇಬ್ಬರ ಮಾತೂ ನಿಜ.

ಇಲ್ಲಿ ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಮಾಡಿದ ಒಂದು ವ್ಯತ್ಯಾಸ ನೆನಪಿಡಬೇಕು. ಫ್ರೆಂಚ್ ನಿರ್ದೇಶಕ ತ್ರೂಫೊ ಜೊತೆಗಿನ ಮಾತುಕತೆಯಲ್ಲಿ ಅವರು ಹೇಳಿದ್ದು ಇದು. ಇಬ್ಬರು ಮಾತಾಡುತ್ತಿದ್ದಾರೆ, ಮೇಜಿನ ಕೆಳಗಿದ್ದ ಬಾಂಬ್ ಇದ್ದಕ್ಕಿದ್ದ ಹಾಗೆ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಅಚ್ಚರಿ. ಬಾಂಬ್ ಇರುವುದು ನೋಡುವವರಿಗೆ ಮೊದಲೇ ಗೊತ್ತಿದ್ದರೆ ಅದೇ ಮಾತುಕತೆ 15 ನಿಮಿಷದ ಸಸ್ಪೆನ್ಸ್. ಅಂದರೆ ಸಸ್ಪೆನ್ಸಿಗೆ ಗೊತ್ತಿರುವುದೇ ಬೇಕು. ನಾವು ಇಂದು ಸಸ್ಪೆನ್ಸ್ ಅಂತ ಕರೆದು ಅಂಕ ಕೊಡುತ್ತಿರುವುದು ಬಹುಪಾಲು ಆ 15 ಸೆಕೆಂಡಿಗೆ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಇಬ್ಬರು ಮನಶ್ಶಾಸ್ತ್ರಜ್ಞರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, 12 ಸಣ್ಣಕಥೆಗಳನ್ನಿಟ್ಟು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಓದಿಸಿದರು, ಕೆಲವರಿಗೆ ಹೇಳದೆ ಓದಿಸಿದರು. ಪತ್ತೇದಾರಿ ಕಥೆಗಳಲ್ಲೂ ಕೊನೆ ಗೊತ್ತಿದ್ದವರೇ ಜಾಸ್ತಿ ಖುಷಿಪಟ್ಟರು. ಆಮೇಲೆ ನಡೆದ ಬೇರೆ ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧದ ಫಲಿತಾಂಶವೂ ಬಂದಿದೆ, ಹಾಗಾಗಿ ಇದೇ ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ಆದರೂ ಮೊದಲೇ ಗೊತ್ತಾಯಿತು, ಅದಕ್ಕೆ ಎರಡು ಸ್ಟಾರ್ ಅನ್ನುವ ಲೆಕ್ಕ ಅಷ್ಟು ಗಟ್ಟಿಯಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಇದಕ್ಕೆ ಸಾಕ್ಷಿ ಕನ್ನಡದಲ್ಲೇ ಇದೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿದವರನ್ನು ಕೇಳಿ. ಮಲೆನಾಡು, ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಕಾಡಿನ ಕಳ್ಳದಂಧೆ. ಪುಟ ತಿರುಗಿಸಲು ಅವಸರ ಆಗುವಂಥ ಕಥೆಯೇ. ಆದರೂ ಕೊನೆ ಗೊತ್ತಿದ್ದು ಮೂರು ನಾಲ್ಕು ಸಲ ಓದಿದವರು ಬೇಕಾದಷ್ಟು ಜನ ಇದ್ದಾರೆ. ಅವರು ಟ್ವಿಸ್ಟಿಗಾಗಿ ಮತ್ತೆ ಹೋಗುತ್ತಿಲ್ಲ.

ನಮ್ಮಲ್ಲಿ ಸಸ್ಪೆನ್ಸ್ ಓದುಗರ ಅಭಿಪ್ರಾಯ ಎಲ್ಲಿ ದಾಖಲಾಯಿತು ಅಂತ ಹುಡುಕಿದರೆ ಬೇಸರವಾಗುತ್ತದೆ. ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಒಂದು ತಲೆಮಾರಿನ ಮನೆಮಾತು. ಕನ್ನಡ ಓದುವ ಚಟ ಹತ್ತಿದ್ದೇ ಅವರಿಂದ ಅನ್ನುವ ಹಿರಿಯರು ಇಂದಿಗೂ ಸಿಗುತ್ತಾರೆ. ಆದರೆ ವಿಮರ್ಶಕರು ಆ ಕಡೆ ತಿರುಗಿ ನೋಡಿದ್ದು ಕಡಿಮೆ. ಬಾಡಿಗೆ ಲೈಬ್ರರಿಗಳಲ್ಲಿ ಪುಸ್ತಕದ ಅಂಚು ಸವೆದಿದ್ದೇ ಓದುಗರು ಕೊಟ್ಟ ಅಂಕ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳು ವಂಶಿಯವರ ಅನುವಾದದಲ್ಲಿ ವಾರಪತ್ರಿಕೆಗಳಿಗೆ ಬಂದಾಗ ಜನ ಮುಂದಿನ ವಾರದ ಸಂಚಿಕೆಗೆ ಕಾದರು. ಆ ಒಂದು ವಾರದ ಕಾಯುವಿಕೆಯೇ ಅರ್ಧ ಸಸ್ಪೆನ್ಸ್. ಈಗ ರಾತ್ರಿ ಕೂತು ಒಂದೇ ಸಲಕ್ಕೆ ಮುಗಿಸುವವರಿಗೆ ಅದೇ ಕಥೆ ಬೇರೆ ಥರ ಕಾಣುತ್ತದೆ. ಕೆ.ಎನ್. ಗಣೇಶಯ್ಯ ತಮ್ಮ ರೋಚಕ ಕಾದಂಬರಿಗಳಲ್ಲಿ ಇತಿಹಾಸದ ಆಧಾರಗಳನ್ನೂ ಟಿಪ್ಪಣಿಗಳನ್ನೂ ಕೊಡುತ್ತಾರೆ. ಕೆಲವರಿಗೆ ಅದೇ ಮುಖ್ಯ ಆಕರ್ಷಣೆ, ಕೆಲವರಿಗೆ ಓಟಕ್ಕೆ ತಡೆ. ಇಂಥ ಚರ್ಚೆ ಇನ್ನೂ ಜಾಸ್ತಿ ಬೇಕು.

ಕನ್ನಡದಲ್ಲಿ ನಗಿಸುವವರ ಆತ್ಮಕಥೆಗಳೂ ಇವೆ. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಿಂದ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಗುಬ್ಬಿ ವೀರಣ್ಣ ‘ಕಲೆಯೇ ಕಾಯಕ’ ಬರೆದರು. ಇನ್ನು 1913ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ ಬೀchi ವೇದಿಕೆಯ ಕಲಾವಿದರಲ್ಲ, ಬರಹಗಾರರು. ಆದರೂ ಅವರ ‘ನನ್ನ ಭಯಾಗ್ರಫಿ’ಯನ್ನು ಈ ಸಾಲಿನಲ್ಲಿ ಇಡಲೇಬೇಕು. ತಿಂಮನ ಜೋಕು ಹುಡುಕಿಕೊಂಡು ಹೋದವರಿಗೆ ಅಲ್ಲಿ ಅನಾಥ ಹುಡುಗನೊಬ್ಬ ಸಿಗುತ್ತಾನೆ. ನಗು ಎಲ್ಲೂ ನಿಲ್ಲುವುದಿಲ್ಲ, ಮರುಕವನ್ನು ಕೇಳುವುದೂ ಇಲ್ಲ. ಇಂದು ಅದು ಹೊಸದಾಗಿ ಬಂದಿದ್ದರೆ ನೋವಿನ ಕಥೆ ಅಂತ ಮಾರುತ್ತಿದ್ದರೋ, ನಗೆಪುಸ್ತಕ ಅಂತ ಮಾರುತ್ತಿದ್ದರೋ? ಯಾವ ಪಟ್ಟಿ ಅಂಟಿಸಿದರೂ ಅರ್ಧ ಓದುಗರು ಬೇಜಾರು ಮಾಡಿಕೊಳ್ಳುತ್ತಿದ್ದರು.

ಸ್ಟಾರ್ ವ್ಯವಸ್ಥೆಯಲ್ಲೇ ಒಂದು ಗೊಂದಲವಿದೆ. ಗುಡ್‌ರೀಡ್ಸ್‌ನಲ್ಲಿ 3 ಸ್ಟಾರ್ ಅಂದರೆ ಇಷ್ಟವಾಯಿತು ಅಂತ ಅವರೇ ಅರ್ಥ ಕೊಟ್ಟಿದ್ದಾರೆ, 2 ಅಂದರೆ ಪರವಾಗಿಲ್ಲ. 2013ರಿಂದ ಅದರ ಒಡೆತನ ಅಮೆಜಾನಿನದು. ಅದೇ ಅಮೆಜಾನಿನ ಅಂಗಡಿಯಲ್ಲಿ 3 ಸ್ಟಾರಿನ ವಿಮರ್ಶೆ ಟೀಕೆಯ ಗುಂಪಿಗೆ ಸೇರುತ್ತದೆ. ಇಷ್ಟವಾಯಿತು ಅಂತ ಮೂರು ಒತ್ತಿದವರು ಇನ್ನೊಂದು ಕಡೆ ಅದನ್ನೇ ಒತ್ತಿದರೆ ಪುಸ್ತಕವನ್ನು ಬೈದ ಹಾಗೆ.

ಕನ್ನಡದ ಪುಸ್ತಕಗಳಿಗೆ ಬೇರೆಯದೇ ಸಮಸ್ಯೆ. ಓದುಗರ ಬಳಗ ಚಿಕ್ಕದು, ಬರೆದವರು ಫೇಸ್‌ಬುಕ್ಕಿನಲ್ಲಿ ನಮ್ಮ ಸ್ನೇಹಿತರೇ ಆಗಿರುತ್ತಾರೆ. ಹಾಗಾಗಿ ಕಡಿಮೆ ಅಂಕದ ಮಾತೇ ಬರುವುದಿಲ್ಲ, ಎಲ್ಲ ಪುಸ್ತಕವನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದೆ ಅಂತ ಬರೆಯುತ್ತೇವೆ. ಹೊಸ ಸಸ್ಪೆನ್ಸ್ ಬರೆಯುವ ಹುಡುಗ ಹುಡುಗಿಯರಿಗೆ ಇದರಿಂದ ಪುಸ್ತಕದ ಯಾವ ಅಧ್ಯಾಯ ಸಡಿಲವಾಯಿತು ಅಂತ ಗೊತ್ತಾಗುವುದೇ ಇಲ್ಲ. ಕೊಲೆಗಾರರು ಯಾರು ಅನ್ನುವುದನ್ನು ಬಿಟ್ಟುಕೊಡದೆಯೂ ಹೇಳಬಹುದಾದ್ದು ಬಹಳ ಇದೆ: ಎಷ್ಟನೇ ಪುಟದಿಂದ ಬಿಗಿಯಾಯಿತು, ಊರು ಕಣ್ಣಿಗೆ ಕಟ್ಟಿತೇ, ಕೊನೆ ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ನೋಡಿದರೆ ಸುಳಿವುಗಳು ನ್ಯಾಯವಾಗಿ ಇದ್ದವೇ. ಹಾಗೆಯೇ ಹಾಸ್ಯದವರ ಪುಸ್ತಕದ ಬಗ್ಗೆ ಬರೆಯುವಾಗ ಎಲ್ಲಿ ನಕ್ಕೆ ಅಂತ ಒಂದು ಸಾಲು ಸೇರಿಸಬಹುದು.

ಕನ್ನಡದಲ್ಲಿ ಈಗ ಸ್ಟ್ಯಾಂಡಪ್ ಮಾಡುತ್ತಿರುವ ತಲೆಮಾರೊಂದು ಬೆಳೆಯುತ್ತಿದೆ. ಮುಂದೆ ಅವರಲ್ಲಿ ಕೆಲವರು ತಮ್ಮ ಕಥೆ ಬರೆಯುತ್ತಾರೆ. ಅಷ್ಟು ಹೊತ್ತಿಗೆ ಪ್ರಕಾಶಕರು ಕೇಳುವ ಮೊದಲ ಪ್ರಶ್ನೆ ನಿಮ್ಮ ಬದುಕಿನ ದೊಡ್ಡ ದುಃಖ ಯಾವುದು ಅಂತ ಆಗಿಬಿಟ್ಟರೆ, ಚೆನ್ನಾಗಿ ಬದುಕಿ ಚೆನ್ನಾಗಿ ನಗಿಸಿದವರ ಪುಸ್ತಕ ಅಚ್ಚಾಗುವುದೇ ಕಷ್ಟ.